ಕಂಬಿಯ ಮೂರು ಪೆಟ್ಟು

ಚಿತ್ತವಾಡ್ಗಿ, ಹೊಸಪೇಟೆ
14 ಮಾರ್ಚ್ 1937

ಭಾವನವರಿಗೆ,

ಹೋದ ತಿಂಗಳು ನೀವು ನನ್ನ ಜಗುಲಿಯಲ್ಲಿ ಬಿಟ್ಟುಹೋದ ನಾಯಿ ಬದುಕಿದೆ. ನನ್ನನ್ನೂ ನಮ್ಮ ಹೆಣ್ಣುಮಕ್ಕಳ ಶಾಲೆಯನ್ನೂ ಸಹಿಸಿಕೊಂಡಿದೆ. ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತದೆ, ಹಗಲೆಲ್ಲ ಬೇವಿನ ಮರದ ಕೆಳಗೆ ಮಲಗಿರುತ್ತದೆ. ಮೈಬಣ್ಣ ನೋಡಿ ಹುಡುಗಿಯರು ನವಣಿ ಎಂದು ಹೆಸರಿಟ್ಟಿದ್ದಾರೆ. ಕರೆದರೆ ತಿರುಗಿ ನೋಡುವುದಿಲ್ಲ. ಮೊದಲೇ ಬೇರೆ ಹೆಸರಿತ್ತೇನೋ.

ಎರಡು ವಿಷಯ ಕೇಳಬೇಕು. ಹಂಪಿ ಬಜಾರಿನ ಸಾಲುಮಂಟಪದ ಹತ್ತಿರ ಗಾಡಿಯ ಚಕ್ರ ಕಾಲಿನ ಮೇಲೆ ಹಾಯ್ದು ಬಿದ್ದಿತ್ತು ಎಂದಿರಿ. ಚಕ್ರ ಹಾಯ್ದರೆ ಪಾದ ಜಜ್ಜಬೇಕಲ್ಲವೆ? ಇದರ ಪಾದ ಚೆನ್ನಾಗಿದೆ. ಹಿಂದಿನ ಎಡಗಾಲಿನ ಮೂಳೆ ಮಾತ್ರ ನಡುವೆ ಒಂದೇ ಕಡೆ ಬಾತಿದೆ. ಎರಡನೆಯದು, ಮೀಯಿಸಿದಾಗ ನೀರು ಕಪ್ಪಾಯಿತು. ಮೂರನೆಯ ಸಲ ಮೀಯಿಸಿದಾಗಲೂ ಕಿವಿಯ ಒಳಗಿನಿಂದ ಕಪ್ಪು ಬಂತು. ಒಲೆಯ ಮಸಿಯಂತೆ ಜಿಡ್ಡಿಲ್ಲ, ಬೆರಳಿನಲ್ಲಿ ಉಜ್ಜಿದರೆ ಹಿಟ್ಟಿನಷ್ಟು ನುಣುಪು. ನನಗೆ ಇವುಗಳಿಂದ ಆಗಬೇಕಾದ್ದೇನೂ ಇಲ್ಲ. ಆದರೂ ಕೇಳದೆ ಇರಲಾರೆ, ನಿಮಗೆ ಗೊತ್ತಲ್ಲ.

ನಮ್ಮ ಶಾಲೆಯ ಗಂಟೆ ಬಿರುಕು ಬಿಟ್ಟಿದೆ. ಅದರ ಬದಲು ತೂಗುಹಾಕಲು ನಿಮ್ಮ ಗಣಿಯಲ್ಲಿ ಹಳೆಯ ರೈಲುಕಂಬಿಯ ತುಂಡು ಸಿಕ್ಕೀತೆ? ಅಕ್ಕನಿಗೆ ಈ ಕಾಗದ ಓದಿ ಹೇಳಿ. ನೀವು ಓದಿ ಹೇಳುವಾಗ ಸೇರಿಸುವ ಮಾತುಗಳನ್ನು ಈ ಸಲ ಸೇರಿಸಬೇಡಿ.

ಸಂಗಮ್ಮ

&nbsp;

ಸಂಡೂರು
22 ಮಾರ್ಚ್ 1937

ಸಂಗಮ್ಮ,

ನಿನ್ನ ಕಾಗದ ಓದಿ ಹೇಳಿದೆ. ನಿನ್ನ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಂಗ್ಲಿಷ್ ಶಾಲಿ ಕಲ್ತದ್ದಕ್ಕ ನಾಯಿಗೂ ಹಾಜರಿ ಪುಸ್ತಕ ಇಟ್ಟಾಳ ನೋಡ್ರಿ" ಅಂದಳು. ಇದು ಅವಳದೇ ಮಾತು, ನಾನು ಸೇರಿಸಿದ್ದಲ್ಲ.

ಚಕ್ರ ಹೇಗೆ ಹಾಯ್ದಿತೆಂದು ನಾನು ನಿಂತು ನೋಡಲಿಲ್ಲ. ನಾಯಿ ಕಾಲು, ತಾನೇ ಕೂಡುತ್ತದೆ. ಕಪ್ಪು ಅಂದರೆ ಯಾವುದೋ ಗುಡಿಯ ದೀಪದ ಮಸಿ ಇರಬೇಕು. ಅದನ್ನು ಅಷ್ಟು ಮೀಯಿಸಬೇಡ, ಶೀತವಾದೀತು.

ಕಂಬಿಗೇನು, ನನ್ನ ಹಿತ್ತಿಲಲ್ಲೇ ಒಂದು ಬಿದ್ದಿದೆ. ಗಣಿಗೆ ಈಗ ಹಬೆಯ ಸಿಳ್ಳೆ ತಂದಿದ್ದಾರೆ, ಕಂಬಿ ಯಾರಿಗೂ ಬೇಡ. ಸ್ವಾಮಿಹಳ್ಳಿ ರೈಲುಗಾಡಿಯಲ್ಲಿ ಹಾಕಿ ಕಳಿಸುತ್ತೇನೆ. ಅದು ಇಲ್ಲಿಂದ ಹೋದರೆ ನನಗೂ ಜಾಗ ಆಗುತ್ತದೆ.

ಉಜ್ಜಿನಪ್ಪ

&nbsp;

ಚಿತ್ತವಾಡ್ಗಿ
20 ಜೂನ್ 1937

ಭಾವನವರಿಗೆ,

ರಜೆ ಮುಗಿದು ಶಾಲೆ ಶುರುವಾಗಿ ಎರಡು ವಾರವಾಯಿತು. ಕಂಬಿಯನ್ನು ಬೇವಿನ ಕೊಂಬೆಗೆ ತೂಗುಹಾಕಿದ್ದೇವೆ. ಅದರ ದನಿ ಊರಿನ ಆ ತುದಿಯವರೆಗೆ ಕೇಳುತ್ತದಂತೆ. ತಡವಾಗಿ ಬರುವವರಿಗೆ ಈಗ ನೆಪವಿಲ್ಲ.

ಆದರೆ ನವಣಿ ಬದಲಾಗಿದೆ. ನಾನು ಬರೆದಿಟ್ಟುಕೊಂಡದ್ದನ್ನು ಹಾಗೆಯೇ ತಿಳಿಸುತ್ತೇನೆ. ಅಕ್ಕ ನಗಲಿ.

ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಆಯಾ ಜಂಬವ್ವ ಕಂಬಿಯನ್ನು ಎಡೆಬಿಡದೆ ಬಾರಿಸುತ್ತಾಳೆ. ಆ ಕ್ಷಣವೇ ನಾಯಿ ಎದ್ದು ಕಟ್ಟಡದ ಸುತ್ತ ಒಂದು ಸುತ್ತು ಓಡುತ್ತದೆ. ಒಳಗೆ ಬರುತ್ತಿರುವ ಹುಡುಗಿಯರ ಲಂಗದ ಅಂಚು ಹಿಡಿದೆಳೆದು, ಬೊಗಳಿ, ಎಲ್ಲರನ್ನೂ ಹುಣಸೆಮರದ ಆಚೆಯ ಗೋಡೆಯವರೆಗೆ ಹೊಡೆದುಕೊಂಡು ಹೋಗುತ್ತದೆ. ಆಮೇಲೆ ಅವರ ಮುಂದೆ ಅಡ್ಡ ನಿಲ್ಲುತ್ತದೆ. ಯಾರಾದರೂ ತರಗತಿಯ ಕಡೆ ಹೆಜ್ಜೆಯಿಟ್ಟರೆ ಹಲ್ಲು ತೋರಿಸುತ್ತದೆ. ಕಚ್ಚಿಲ್ಲ. "ಅಮ್ಮಾರ, ಇದು ಸಿಟ್ಟಲ್ಲ" ಎನ್ನುತ್ತಾಳೆ ಜಂಬವ್ವ. "ಕುರುಬರ ನಾಯಿ ಕುರಿ ಹೊಡದಂಗ ಹೊಡಿತೈತಿ. ಆದ್ರ ಕುರಿ ದೊಡ್ಡ್ಯಾಗ ಹೋಗ್ಬೇಕಲ್ರಿ, ಇದು ದೊಡ್ಡಿಯಿಂದ ಹೊರಗ ಹೊಡಿತೈತಿ."

ಸಂಜೆಯ ಗಂಟೆಗೆ ಮಕ್ಕಳೊಂದಿಗೆ ತಕರಾರಿಲ್ಲ, ಅವರು ಹೇಗೂ ಹೊರಗೆ ಹೋಗುವವರು. ಆದರೆ ಬಾಗಿಲು ಹಾಕಲು ನಾನೂ ಜಂಬವ್ವನೂ ಒಳಗೆ ಹೋಗಲು ಬಿಡುವುದಿಲ್ಲ. ಮಧ್ಯಾಹ್ನ ಊಟಕ್ಕೆ ಎರಡೇ ಪೆಟ್ಟು. ಅದಕ್ಕೆ ಕಿವಿಯನ್ನೂ ಅಲುಗಿಸುವುದಿಲ್ಲ.

ಕಟ್ಟಿಹಾಕಿದರೆ ಕಟ್ಟಡವನ್ನೇ ನೋಡುತ್ತ ದಿನವಿಡೀ ನರಳುತ್ತದೆ. ತಿನ್ನುವುದಿಲ್ಲ. ಪಕ್ಕೆಲುಬು ಎಣಿಸಬಹುದು, ದನಿ ಒಡೆದಿದೆ. ದನದ ದವಾಖಾನೆಯವರು ಜಂತಿನ ಪುಡಿ ಕೊಟ್ಟರು, ಗುಣ ಕಾಣಲಿಲ್ಲ. ಬಾಯಲ್ಲಿ ನೊರೆಯಿಲ್ಲ, ನೀರು ಕುಡಿಯುತ್ತದೆ, ನನ್ನ ಗುರುತಿದೆ. ಇದು ಹುಚ್ಚಲ್ಲ. ಮತ್ತೇನು? ಸಿಕ್ಕಿದಾಗ ಅದು ಹೇಗೆ ನಡೆದುಕೊಳ್ಳುತ್ತಿತ್ತು, ನೆನಪು ಮಾಡಿಕೊಂಡು ಬರೆಯಿರಿ.

ಸಂಗಮ್ಮ

&nbsp;

ಸಂಡೂರು
2 ಜುಲೈ 1937

ಸಂಗಮ್ಮ,

ನಿನ್ನ ಅಕ್ಕನಿಗೆ ಮೈ ಬಿಸಿಯಿತ್ತು, ಅದಕ್ಕೆ ಈ ಕಾಗದ ಓದಿ ಹೇಳಲಿಲ್ಲ. ಈಗ ಪರವಾಗಿಲ್ಲ.

ನಾಯಿಗಳಿಗೆ ಹೊಸ ಜಾಗದಲ್ಲಿ ಹೀಗೆಲ್ಲ ಆಗುತ್ತದೆ. ಕಟ್ಟಿಹಾಕಿಬಿಡು, ನಾಲ್ಕು ದಿನ ನರಳಿ ಸುಮ್ಮನಾಗುತ್ತದೆ. ಅಷ್ಟೊಂದು ನೋಡಬೇಡ. ನೋಡಿದಷ್ಟೂ ಕಾಣುತ್ತದೆ.

ಆ ಕಂಬಿ ಇಳಿಸಿಬಿಡು. ಬಳ್ಳಾರಿಯಿಂದ ಒಳ್ಳೆಯ ಕಂಚಿನ ಗಂಟೆ ತರಿಸಿಕೊಡುತ್ತೇನೆ. ಶಾಲೆಗೆ ಕಂಚೇ ಚೆಂದ.

ಮಳೆ ಚೆನ್ನಾಗಿದೆ. ಗುಡ್ಡ ಹಸಿರಾಗಿದೆ.

ಉಜ್ಜಿನಪ್ಪ

&nbsp;

ಚಿತ್ತವಾಡ್ಗಿ
18 ಜುಲೈ 1937

ಭಾವನವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನಾನು ಕೇಳಿದ್ದು ನಾಯಿಯ ವಿಷಯ. ನೀವು ಕಂಬಿ ಇಳಿಸು ಎಂದಿರಿ. ನಾಯಿಯ ರೋಗಕ್ಕೆ ಕಂಬಿ ಕಾರಣವಿರಬಹುದು ಎಂದು ನನಗೆ ಆವರೆಗೆ ಹೊಳೆದೇ ಇರಲಿಲ್ಲ. ಸಮಯವನ್ನು ಬರೆದಿಟ್ಟೆ, ಓಟವನ್ನು ಬರೆದಿಟ್ಟೆ, ತಲೆಯ ಮೇಲೆ ತೂಗುತ್ತಿದ್ದುದನ್ನು ನೋಡಲಿಲ್ಲ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ "ಕಣ್ಣು ಬಿಟ್ಟು ನೋಡಿ" ಎಂದು ಹೇಳಿಕೊಡುವವಳು ನಾನು.

ಹೋದ ಭಾನುವಾರ ಶಾಲೆ ಖಾಲಿಯಿದ್ದಾಗ ಪರೀಕ್ಷೆ ಮಾಡಿದೆ. ತಗಡಿನ ಡಬ್ಬಿ ಬಾರಿಸಿದೆ, ನಾಯಿ ಮಲಗಿತ್ತು. ಹಿತ್ತಾಳೆಯ ತಟ್ಟೆ ಬಾರಿಸಿದೆ, ಮಲಗಿತ್ತು. ಕಂಬಿಗೆ ಒಂದು ಪೆಟ್ಟು, ಎರಡು ಪೆಟ್ಟು ಹೊಡೆದೆ, ಒಂದು ಕಣ್ಣು ತೆರೆಯಿತು. ಎಡೆಬಿಡದೆ ಹೊಡೆದೆ. ಎದ್ದು ಕಟ್ಟಡ ಸುತ್ತಿ ಬಂದು, ಬೇರೆ ಯಾರೂ ಇಲ್ಲವಾದ್ದರಿಂದ ನನ್ನ ಸೆರಗು ಹಿಡಿದು ಹುಣಸೆಮರದ ಆಚೆಗೆ ಎಳೆದುಕೊಂಡು ಹೋಯಿತು. ಅದರ ಮೈ ನಡುಗುತ್ತಿತ್ತು. ಅದು ನನ್ನನ್ನು ಓಡಿಸುತ್ತಿದೆ ಎನ್ನಿಸಲಿಲ್ಲ. ನನಗೇನಾದೀತೋ ಎಂದು ಅದಕ್ಕೆ ಹೆದರಿಕೆಯಾಗಿದೆ ಎನ್ನಿಸಿತು. ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ.

ಮಾರನೆಯ ದಿನ ರಜೆ ಹಾಕಿ ಅದನ್ನು ಹಂಪಿಗೂ ಕರೆದುಕೊಂಡು ಹೋಗಿದ್ದೆ. ನಿಮ್ಮ ಮಾತು ನಂಬದೆ ಹೋದೆನೆಂದು ತಿಳಿಯಬೇಡಿ. ನಂಬಿಕೆ ಗಟ್ಟಿಯಾಗಲಿ ಎಂದೇ ಹೋದೆ ಎಂದು ಆಗ ಅಂದುಕೊಂಡಿದ್ದೆ, ಈಗ ಅಷ್ಟು ಖಾತ್ರಿಯಿಲ್ಲ. ಬಜಾರಿನಲ್ಲಿ ಕಾಯಿ ಕರ್ಪೂರ ಮಾರುವ ವಿರುಪಮ್ಮ ನಾಯಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ರೀ ಅಕ್ಕಾರ, ಈ ಬಜಾರದ ನಾಯಿಗಳ ಮುತ್ತಜ್ಜನ ಗುರುತೂ ಐತಿ ನನಗ. ಇದು ನಮ್ಮದಲ್ಲ. ಕಾಯಿ ಒಡದ ಸಪ್ಪಳಕ್ಕ ನಮ್ಮವು ಚೂರಿಗೆ ಓಡಿ ಬರ್ತಾವ. ಇದು ನೋಡ್ರಿ, ಸಪ್ಪಳ ಕೇಳಿ ಜನಾನ್ನ ನೋಡಾಕತ್ತೈತಿ. ಯಾವುದೋ ನೌಕರಿ ಮಾಡಿದ ನಾಯಿ ಇದು."

ಮರಳಿ ಬರುವಾಗ ಹೊಸಪೇಟೆ ಸ್ಟೇಷನ್ನಿನಲ್ಲಿ ನಿಮ್ಮ ಗಣಿಯ ಕಡೆಯ ಮ್ಯಾಂಗನೀಸ್ ಅದಿರಿನ ವ್ಯಾಗನ್ನುಗಳು ನಿಂತಿದ್ದವು. ಒಂದರ ಅಂಚನ್ನು ಬೆರಳಿನಿಂದ ಒರೆಸಿ ಉಜ್ಜಿ ನೋಡಿದೆ. ಅದೇ ಕಪ್ಪು. ಹಿಟ್ಟಿನಷ್ಟು ನುಣುಪು.

ಭಾವ, ನಾನು ಏನನ್ನೂ ಹೇಳುತ್ತಿಲ್ಲ. ನೀವು ಹೇಳುವುದಿದ್ದರೆ ಕೇಳುತ್ತೇನೆ.

ಸಂಗಮ್ಮ

&nbsp;

ಚಿತ್ತವಾಡ್ಗಿ
9 ಆಗಸ್ಟ್ 1937

ಭಾವನವರಿಗೆ,

ಮೂರು ವಾರವಾಯಿತು, ಉತ್ತರವಿಲ್ಲ. ಅಕ್ಕನ ಆರೋಗ್ಯ ಸರಿಯಿದೆಯೆಂದು ನಿಮ್ಮ ಕಡೆಯಿಂದ ಬಂದವರು ಹೇಳಿದರು. ಹಾಗಾದರೆ ಈ ಮೌನ ನನಗೇ ಎಂದು ತಿಳಿದುಕೊಂಡಿದ್ದೇನೆ.

ಕಂಬಿಯನ್ನು ಅಂದೇ ಇಳಿಸಬೇಕಿತ್ತು. ಇಳಿಸಲಿಲ್ಲ. ನಾಯಿಯನ್ನು ಕಟ್ಟಿ ಕಂಬಿ ಬಾರಿಸುತ್ತ, ಇವತ್ತೇನು ಮಾಡುತ್ತದೆ, ನಾಳೆಯೇನು ಎಂದು ನೋಡುತ್ತಿದ್ದೆ. ತಪ್ಪು ನನ್ನದು. ಹೋದ ಗುರುವಾರ ಅದು ಹಗ್ಗ ಹರಿದುಕೊಂಡಿತು. ಅದು ಲಂಗ ಎಳೆದಾಗ ಎರಡನೆಯ ತರಗತಿಯ ಹುಡುಗಿಯೊಬ್ಬಳು ಮೆಟ್ಟಿಲಿನಿಂದ ಬಿದ್ದು ಮುಂಗೈ ಮುರಿದುಕೊಂಡಳು. ಅವಳ ತಂದೆ ಪಾಲಪ್ಪ ಬಂದು ನನ್ನ ಮೇಜಿನ ಮುಂದೆ ನಿಂತ.

"ಟೀಚರಮ್ಮಾರ, ಹುಚ್ಚು ನಾಯಿಗೈತೋ ನಿಮಗೈತೋ, ಮೊದಲ ಅದನ್ನ ಹೇಳ್ರಿ."

ಶಾಲೆಯ ಕಮಿಟಿಯವರು ತೀರ್ಮಾನಿಸಿದ್ದಾರೆ. ಈ ತಿಂಗಳು ಮೂವತ್ತೊಂದರೊಳಗೆ ಅದಕ್ಕೆ ಹುಚ್ಚಿಲ್ಲವೆಂದು, ಅದು ಹೀಗೇಕೆ ಮಾಡುತ್ತದೆಂದು ನಾನು ತೋರಿಸಿಕೊಡಬೇಕು. ಇಲ್ಲವಾದರೆ ಕೋವಿಯವನು ಬರುತ್ತಾನೆ. ಕಂಬಿ ಇಳಿಸಿದೆ, ಇನ್ನು ಮಾಡುವುದಿಲ್ಲ ಎಂದೆ. "ನಾಳೆ ಬೇರೆ ಸಪ್ಪಳಕ್ಕೆ ಮಾಡಿದರೆ?" ಎಂದರು. ಅದು ನ್ಯಾಯವಾದ ಪ್ರಶ್ನೆ.

ನಾಯಿ ಈಗ ನನ್ನ ಕಾಲ ಬಳಿ ಮಲಗಿದೆ. ನಿಮಗೆ ಗೊತ್ತಿರುವುದನ್ನು ಬರೆಯಿರಿ. ಕುತೂಹಲಕ್ಕಾಗಿ ಕೇಳುತ್ತಿಲ್ಲ.

ಸಂಗಮ್ಮ

&nbsp;

ಸಂಡೂರು
17 ಆಗಸ್ಟ್ 1937

ಸಂಗಮ್ಮ,

ಅದು ಹಂಪಿಯ ನಾಯಿಯಲ್ಲ. ಗಣಿಯ ನಾಯಿ. ಮರಿಯಿದ್ದಾಗಿನಿಂದ ನನ್ನ ಹಿಂದೆಯೇ ಇತ್ತು. ಮದ್ದಿನ ಮೇಸ್ತ್ರಿಯ ಹಿಂದೆ ಇರುವ ನಾಯಿ ಎಂದು ಅದಿರು ಹೊರುವ ಹೆಣ್ಣುಮಕ್ಕಳು ಅದನ್ನು ಸಣ್ಣ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಹಾಗೆ ಕರೆದು ನೋಡು, ತಿರುಗುತ್ತದೆ.

ನಮ್ಮಲ್ಲಿ ಕ್ರಮ ಹೀಗಿತ್ತು. ಬಂಡೆಗೆ ಮದ್ದು ತುಂಬಿ ಬತ್ತಿ ಹಚ್ಚುವ ಮೊದಲು ಕಂಬಿಯನ್ನು ಎಡೆಬಿಡದೆ ಬಾರಿಸುತ್ತಿದ್ದೆವು. ಎಲ್ಲರೂ ಗುಂಡಿ ಬಿಟ್ಟು ಬಂಡೆಯ ಮರೆಗೆ ಹೋಗಬೇಕು. ಸಿಡಿದದ್ದನ್ನು ನಾನು ಎಣಿಸಬೇಕು. ಏಳು ಬತ್ತಿ ಹಚ್ಚಿದ್ದರೆ ಏಳು ಸದ್ದು. ಎಣಿಕೆ ಸರಿಯಾದರೆ ಉಸಿರು ಬಿಟ್ಟು ಬಿಟ್ಟು ಮೂರು ಪೆಟ್ಟು. ಮೂರು ಪೆಟ್ಟು ಎಂದರೆ ಇನ್ನು ಭಯವಿಲ್ಲ, ಬರಬಹುದು. ಇದನ್ನು ನಾಯಿಗೆ ಯಾರೂ ಕಲಿಸಲಿಲ್ಲ, ನೋಡಿ ಕಲಿಯಿತು. ಕಂಬಿ ಬಾರಿಸಿದರೆ ಗುಂಡಿ ಗುಂಡಿ ಸುತ್ತಿ ಹಿಂದುಳಿದವರನ್ನು ಹೊಡೆದುಕೊಂಡು ಬರುತ್ತಿತ್ತು. ಮೂರು ಪೆಟ್ಟು ಕೇಳಿದರೆ ದಾರಿ ಬಿಡುತ್ತಿತ್ತು. ನಿನ್ನ ಶಾಲೆಯಲ್ಲಿ ಯಾರೂ ಮೂರು ಪೆಟ್ಟು ಹೊಡೆಯುವುದಿಲ್ಲ. ಅದಕ್ಕೆ ಅದರ ಪಾಲಿಗೆ ದಿನವಿಡೀ ಮದ್ದು ಸಿಡಿಯುವುದು ಬಾಕಿ ಇರುತ್ತದೆ. ಅದಕ್ಕೇ ತಿನ್ನುವುದಿಲ್ಲ.

ಇಷ್ಟು ಬರೆದರೆ ಕಮಿಟಿಗೆ ಸಾಕು. ಮೊನ್ನೆ ಇಷ್ಟೇ ಬರೆದು ಲಕೋಟೆ ಅಂಟಿಸಿದ್ದೆ. ಆಮೇಲೆ ಹರಿದೆ.

ಹೋದ ಡಿಸೆಂಬರ್‌ನಲ್ಲಿ ಒಂದು ದಿನ ಏಳು ಬತ್ತಿ ಹಚ್ಚಿದೆ. ಏಳು ಸದ್ದು ಎಣಿಸಿದೆ. ಮೂರು ಪೆಟ್ಟು ಹೊಡೆದೆ. ನಾಯಿ ದಾರಿ ಬಿಡಲಿಲ್ಲ. ಗುಂಡಿಯ ಕಡೆ ಮೂಗು ಮಾಡಿ ಬೊಗಳುತ್ತ ಅಡ್ಡ ನಿಂತಿತು. ಹೆಣ್ಣುಮಕ್ಕಳು ನಕ್ಕರು. "ಸಣ್ಣ ಮೇಸ್ತ್ರಿ ದೊಡ್ಡ ಮೇಸ್ತ್ರಿ ಮಾತ ಕೇಳವಲ್ದು ನೋಡ್ರೇ" ಎಂದಳು ಭರಮಮ್ಮ. ಕಂಪ್ಲಿ ಕಡೆಯ ಹುಡುಗಿ, ಎಲ್ಲರಿಗಿಂತ ಮುಂದೆ ಬುಟ್ಟಿ ಹಿಡಿಯುವವಳು. ಹತ್ತು ಜನರ ಮುಂದೆ ನಾಯಿ ನನ್ನ ಎಣಿಕೆಯನ್ನು ಸುಳ್ಳು ಮಾಡುತ್ತಿದೆಯಲ್ಲ ಎಂದು ಸಿಟ್ಟು ಬಂತು. ಮದ್ದು ಜಡಿಯುವ ಕೋಲು ಕೈಯಲ್ಲಿತ್ತು. ಕಾಲಿಗೆ ಹೊಡೆದೆ. ಅದು ಬಿತ್ತು. ಭರಮಮ್ಮ ಅದನ್ನು ದಾಟಿಕೊಂಡು ಗುಂಡಿಗೆ ಇಳಿದಳು. ಆಗ ಏಳನೆಯದು ಸಿಡಿಯಿತು.

ನಾನು ಎಣಿಸಿದ ಏಳರಲ್ಲಿ ಒಂದು ಎದುರು ಗುಡ್ಡದ ಮಾರ್ದನಿ. ಹದಿನೆಂಟು ವರ್ಷ ಆ ಗುಡ್ಡದ ಎದುರು ಎಣಿಸಿದವನು ನಾನು.

ವಿಚಾರಣೆಗೆ ಕೂತಾಗ, ಮೂರು ಪೆಟ್ಟಿನ ಮೊದಲೇ ಅವಳು ಹೋದಳು ಎಂದೆ. ಹೆಣ್ಣುಮಕ್ಕಳು ಅಲ್ಲೇ ಇದ್ದರು. ಯಾರೂ ಎದುರು ಮಾತಾಡಲಿಲ್ಲ. ನಾನು ಮೇಸ್ತ್ರಿ. ಗಣಿಯ ಪುಸ್ತಕದಲ್ಲಿ "ತನ್ನ ಅವಸರದಿಂದ ಸತ್ತಳು" ಎಂದು ಬರೆದಿದ್ದಾರೆ. ನಾಯಿ ಕುಂಟುತ್ತ ನನ್ನ ಹಿಂದೆಯೇ ಬರುತ್ತಿತ್ತು. ಅದನ್ನು ನೋಡಲಾರದೆ ನಿನ್ನ ಮನೆಗೆ ತಂದುಬಿಟ್ಟೆ. ಹಂಪಿ ಹಂಪಿ ಎಂದು ಹೇಳಿ ಹೇಳಿ ನನಗೇ ನಂಬಿಕೆ ಬಂದಿತ್ತು. ಇಲ್ಲದಿದ್ದರೆ ಅದೇ ಕಂಬಿಯನ್ನು ಅದೇ ನಾಯಿಯ ಬಳಿಗೆ ಕಳಿಸುತ್ತಿದ್ದೆನೆ?

ನಿನ್ನ ಜೂನ್ ತಿಂಗಳ ಕಾಗದದಿಂದ ಮುಂದೆ ಯಾವುದನ್ನೂ ನಿನ್ನ ಅಕ್ಕನಿಗೆ ಓದಿ ಹೇಳಿರಲಿಲ್ಲ. ನಿನ್ನೆ ಎಲ್ಲ ಓದಿದೆ. ಇದನ್ನೂ ಓದಿದೆ. ಅವಳು ಏನೂ ಸೇರಿಸಲಿಲ್ಲ.

ಮೂರು ಪೆಟ್ಟು. ನಡುವೆ ಒಂದೊಂದು ಉಸಿರು.

ಉಜ್ಜಿನಪ್ಪ

&nbsp;

ಚಿತ್ತವಾಡ್ಗಿ
26 ಆಗಸ್ಟ್ 1937

ಭಾವನವರಿಗೆ,

ನಿನ್ನೆ ಕಮಿಟಿಯವರನ್ನೂ ಪಾಲಪ್ಪನನ್ನೂ ಕರೆಸಿದ್ದೆ. ಕಂಬಿಯನ್ನು ಮತ್ತೆ ಏರಿಸಿದೆವು. ನಾಯಿ ಗಣಿಯಲ್ಲಿ ಜನರನ್ನು ಕಾಯುತ್ತಿತ್ತು ಎಂದಷ್ಟೇ ಅವರಿಗೆ ಹೇಳಿದೆ. ಉಳಿದದ್ದು ನಾನು ಹೇಳುವ ಮಾತಲ್ಲ.

ದೊಡ್ಡ ಹುಡುಗಿಯರು ಆರು ಜನ ತಾವಾಗಿ ಮುಂದೆ ಬಂದರು. ಜಂಬವ್ವ ಎಡೆಬಿಡದೆ ಬಾರಿಸಿದಳು. ನಾಯಿ ಎಲ್ಲರನ್ನೂ ಹುಣಸೆಮರದ ಆಚೆಗೆ ಒಯ್ದಿತು. ಪಾಲಪ್ಪನ ಪಂಚೆ ಹಿಡಿದು ಅವನನ್ನೂ ಒಯ್ದಿತು. ಆಮೇಲೆ ನಾನೇ ಹೊಡೆದೆ, ನೀವು ಹೇಳಿದಂತೆ, ನಡುವೆ ಒಂದೊಂದು ಉಸಿರು ಬಿಟ್ಟು, ಮೂರು.

ಅದು ದಾರಿ ಬಿಡಲಿಲ್ಲ.

ಒಂದು ಕ್ಷಣ, ನೀವು ಮತ್ತೆ ಏನನ್ನೋ ಮುಚ್ಚಿಟ್ಟಿರಿ ಎಂದುಕೊಂಡೆ. ಕ್ಷಮಿಸಿ. ನಾಯಿ ನನ್ನ ಕಡೆ ನೋಡಿತು, ಕಂಬಿಯ ಕಡೆ ನೋಡಿತು, ಆಮೇಲೆ ತಾನೊಂದೇ ಕಟ್ಟಡದೊಳಗೆ ಹೋಯಿತು. ನಾನು ಕಿಟಕಿಯಿಂದ ನೋಡಿದೆ. ಮೊದಲ ತರಗತಿಯ ನಾಲ್ಕೂ ಮೂಲೆ ಮೂಸಿತು. ಬೆಂಚಿನ ಕೆಳಗೆ ತಲೆ ಹಾಕಿತು. ಎರಡನೆಯ ತರಗತಿ, ಮೂರನೆಯದು, ನನ್ನ ಕೋಣೆ, ಸೌದೆಯ ಕೋಣೆ. ಯಾವುದನ್ನೂ ಬಿಡಲಿಲ್ಲ. ಹೊರಗೆ ಬಂದು ಮೆಟ್ಟಿಲ ಪಕ್ಕ ಸರಿದು ಕೂತಿತು. ಹುಡುಗಿಯರು ಒಬ್ಬೊಬ್ಬರಾಗಿ ಅದರ ಮುಂದೆಯೇ ಒಳಗೆ ಹೋದರು. ಅದು ಸುಮ್ಮನಿತ್ತು.

"ಇನ್ಸ್‌ಪೆಕ್ಟರ್ ಸಾಹೇಬ್ರೂ ಇಷ್ಟು ನೋಡಂಗಿಲ್ಲ ಬಿಡ್ರಿ ನಿಮ್ಮ ಶಾಲಿನ" ಎಂದ ಪಾಲಪ್ಪ. ಪಂಚೆ ಸರಿಮಾಡಿಕೊಂಡು ಮತ್ತೆ ಹೇಳಿದ, "ಇರ್ಲಿ. ನನ್ನ ಮಗಳ ಕೈ ಕೂಡಿದ ಮ್ಯಾಲ ಆಕಿನೂ ಬರ್ತಾಳ. ಆದ್ರ ಲಂಗ ಹಿಡಿಯೋದು ಬಿಡಸ್ರಿ." ಕಮಿಟಿಯವರು ಕೋವಿಯ ಮಾತನ್ನು ಮತ್ತೆ ಎತ್ತಲಿಲ್ಲ. ಬೆಳಗಿನ ಗಂಟೆಯನ್ನು ಮಕ್ಕಳು ಗೇಟಿನ ಹೊರಗಿರುವಾಗಲೇ ಬಾರಿಸಿ, ನಾಯಿ ಒಳಗೆ ನೋಡಿ ಬಂದ ಮೇಲೆ ಗೇಟು ತೆರೆಯುವುದೆಂದು ಗೊತ್ತುಮಾಡಿದ್ದೇವೆ. ಹತ್ತು ನಿಮಿಷ ತಡ. ಯಾರಿಗೂ ಬೇಸರವಿಲ್ಲ.

ನಿನ್ನೆ ಮಧ್ಯಾಹ್ನ ಎರಡು ರೊಟ್ಟಿ ತಿಂದಿತು.

ಇನ್ನೊಂದು ಮಾತು. ಇದನ್ನು ಬರೆಯಬೇಕೆ ಬೇಡವೆ ಎಂದು ಬಹಳ ಹೊತ್ತು ಯೋಚಿಸಿದೆ. ನಾಯಿಗೆ ರೋಗ ಎಂದುಕೊಂಡು ನಾನು ಅದಕ್ಕೆ ಪುಡಿ ತಿನ್ನಿಸಿದೆ. ಅದಕ್ಕಿದ್ದದ್ದು ರೋಗವಲ್ಲ, ತನ್ನ ಮಾತನ್ನು ಯಾರೂ ಕೇಳಲಿಲ್ಲ ಎಂಬ ಸಂಕಟ. ಈಗ ಅದು ಮೂರು ಪೆಟ್ಟನ್ನು ನಂಬುವುದಿಲ್ಲ, ಹೋಗಿ ನೋಡಿ ಬರುತ್ತದೆ. ನಾವು ಕಾಯುತ್ತೇವೆ. ಅಷ್ಟಕ್ಕೇ ಅದು ನೆಮ್ಮದಿಯಾಗಿದೆ.

ಕಂಪ್ಲಿಯಲ್ಲಿ ಭರಮಮ್ಮನ ಕಡೆಯವರು ಯಾರಿದ್ದಾರೆ ಎಂದು ನೀವು ಬರೆಯಲಿಲ್ಲ. ನಾನು ಕೇಳುವುದೂ ಇಲ್ಲ.

ಸಂಗಮ್ಮ

&nbsp;

ಕಂಪ್ಲಿ
5 ಸೆಪ್ಟೆಂಬರ್ 1937

ಸಂಗಮ್ಮ,

ಊರಿನ ಹೆಸರು ನೋಡಿದರೆ ನಿನಗೆ ತಿಳಿಯುತ್ತದೆ. ಭರಮಮ್ಮನ ತಾಯಿ ಉಚ್ಚೆಂಗಮ್ಮ ಇಲ್ಲಿ ಕಾಲುವೆ ಕೆಳಗಿನ ಗದ್ದೆಯಲ್ಲಿ ಕಳೆ ಕೀಳುತ್ತಾಳೆ. ಬದುವಿನ ಮೇಲೆ ನಿಂತು ಕಾದೆ. ನನ್ನನ್ನು ನೋಡಿದಳು, ಸಾಲು ಮುಗಿಯುವವರೆಗೆ ಏಳಲಿಲ್ಲ. ಆಮೇಲೆ ಕೈ ತೊಳೆದುಕೊಂಡು ಬಂದು ಕೂತಳು. "ಕುಂದ್ರು ಮೇಸ್ತ್ರಿ" ಎಂದಳು.

ನಿನಗೆ ಬರೆದದ್ದನ್ನೆಲ್ಲ ಹೇಳಿದೆ. ಬರೆಯುವುದು ಸುಲಭವಿತ್ತು. ಅವಳು ನೀರನ್ನೇ ನೋಡುತ್ತ ಕೇಳಿದಳು.

"ಆ ಹೆಣ್ಮಕ್ಕಳು ಮೂರನೇ ದಿನಾನ ಬಂದು ಎಲ್ಲಾ ಹೇಳಿ ಹೋಗ್ಯಾರ. ನೀ ಯಾವಾಗ ಬರ್ತಿ ಅಂತ ನೋಡಾಕತ್ತಿದ್ದೆ. ಭಾಳ ತಡಾ ಮಾಡಿದಿ."

ನಾನೇನು ಮಾಡಲಿ ಎಂದು ಕೇಳಿದೆ. "ಪುಸ್ತಕದಾಗ ನನ್ನ ಮಗಳ ಹೆಸರಿನ ಮುಂದ ಅವಸರ ಅಂತ ಬರದಾರಂತಲ್ಲ. ಅದನ್ನ ತೆಗಸು. ಆಕಿ ಅವಸರದಾಕಿ ಅಲ್ಲ. ನಿನ್ನ ಮಾತ ನಂಬಿದಾಕಿ."

ನಾಳೆ ಸೋಮವಾರ. ಸಂಡೂರಿಗೆ ಹೋಗಿ ಆಫೀಸಿನಲ್ಲಿ ಹೇಳುತ್ತೇನೆ. ಮೇಸ್ತ್ರಿಕೆ ಉಳಿಯುವುದಿಲ್ಲ. ಆಫೀಸಿಗೆ ಹೋಗುವ ದಿನ ತಾನೂ ಬಂದು ಬಾಗಿಲಲ್ಲಿ ನಿಲ್ಲುತ್ತೇನೆ ಎಂದು ನಿನ್ನ ಅಕ್ಕ ನಾನು ಮನೆ ಬಿಡುವಾಗಲೇ ಹೇಳಿದ್ದಾಳೆ. ಬೇಡವೆಂದೆ. "ನೀವು ನಡುವಿನ ಮಾತ ಬಿಟ್ಟು ಓದೋರು, ನಾ ಬರ್ತೀನಿ" ಎಂದಳು.

ಹೊರಡಲು ಎದ್ದಾಗ ಉಚ್ಚೆಂಗಮ್ಮ ಮತ್ತೆ ಗದ್ದೆಗೆ ಇಳಿದಿದ್ದಳು. ಅಲ್ಲಿಂದಲೇ ಕೂಗಿ ಕೇಳಿದಳು. "ಮೇಸ್ತ್ರಿ, ನನ್ನ ಮಗಳಿಗೆ ಅಡ್ಡ ನಿಂತಿತ್ತಲ್ಲ ಆ ನಾಯಿ, ಅದರ ಕಾಲು ಈಗ ಹೆಂಗೈತಿ?"

ನನಗೆ ಗೊತ್ತಿರಲಿಲ್ಲ. ನಿನ್ನ ಮನೆಗೆ ಬಿಟ್ಟು ಏಳು ತಿಂಗಳಾಯಿತು, ಒಂದು ಕಾಗದದಲ್ಲೂ ನಾನು ಅದನ್ನು ಕೇಳಿಲ್ಲ. ಕೇಳಿ ಹೇಳುತ್ತೇನೆ ಎಂದು ಬದುವಿನ ಮೇಲೆ ನಿಂತು ಹೇಳಿದೆ. ಅದಕ್ಕೇ ಇಲ್ಲಿಂದಲೇ ಬರೆಯುತ್ತಿದ್ದೇನೆ.

ಕಾಲು ಹೇಗಿದೆ, ಸಂಗಮ್ಮ?

ಉಜ್ಜಿನಪ್ಪ